ಪಟ್ಟದ ಗೊಂಬೆಗಳ ಪೆಟ್ಟಿಗೆ

ನಮ್ಮ ಯಜಮಾನರು ಕೇಶವಮೂರ್ತಿಗಳು ದೇವರನ್ನು ನಂಬುವುದಿಲ್ಲ. ಆದರೆ ದೇವರ ಗೊಂಬೆ ಕೂರುವ ಮೆಟ್ಟಿಲು ಕೂದಲೆಳೆಯಷ್ಟು ಓರೆಯಾದರೂ ಸಹಿಸುವುದಿಲ್ಲ. ಮದುವೆಯಾದಾಗಿನಿಂದ, ಈಗ ಪರದೇಶದ ರೆಡೊಂಡೊ ಬೀಚಿನ ಈ ಮನೆಯಲ್ಲೂ, ಪ್ರತಿ ನವರಾತ್ರಿಗೂ ರಸಮಟ್ಟ ಹಿಡಿದು ಒಂಬತ್ತು ಮೆಟ್ಟಿಲು ಜೋಡಿಸಿಕೊಡುವವರು ಅವರೇ. ಗೊಂಬೆಗಳ ಪೆಟ್ಟಿಗೆಗೆಲ್ಲ ನಂಬರು, ಪ್ರತಿಯೊಂದರ ಮೇಲೂ ಅವರ ಕೈಬರಹದ ಚೀಟಿ. ಮಂಗಳಾರತಿಯ ಹೊತ್ತಿಗೆ ಮಾತ್ರ "ಸ್ಕ್ರೂಡ್ರೈವರ್ ತರ್ತೀನಿ" ಅಂತ ಗರಾಜಿಗೆ ಹೋಗಿಬಿಡುತ್ತಾರೆ. ಕರ್ಪೂರ ಆರುವ ತನಕ ಆ ಸ್ಕ್ರೂಡ್ರೈವರ್ ಅವರಿಗೆ ಸಿಗುವುದಿಲ್ಲ.

ನಲವತ್ತೊಂದು ವರ್ಷ ನಾನು ಇದನ್ನು ನೋಡಿ ನಕ್ಕಿದ್ದೇನೆ. ಆ ವರ್ಷ, ಎರಡು ಸಾವಿರದ ಇಪ್ಪತ್ಮೂರರಲ್ಲಿ, ನಗು ಬರಲಿಲ್ಲ. ಅವರ ಹೃದಯದ ವಾಲ್ವ್ ಬದಲಿಸಬೇಕು, ಎದೆ ತೆರೆದೇ ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ವಿಜಯದಶಮಿ ಮಂಗಳವಾರ, ಆಪರೇಷನ್ ಶುಕ್ರವಾರ. ಉಪಗ್ರಹಗಳಿಗೆ ವಾಲ್ವ್ ಡಿಸೈನ್ ಮಾಡಿ ರಿಟೈರ್ ಆದ ಮನುಷ್ಯ ಡಾಕ್ಟರಿಗೇ ನಾಲ್ಕು ತಪ್ಪು ತೋರಿಸಿ ಬಂದರು. ನನಗೆ ಬೇಕಾಗಿದ್ದು ಒಂದೇ: ಅವರು ಒಳಗೆ ಹೋಗುವ ಮುಂಚೆ ಒಂದು ಸಾರಿ, ಒಂದೇ ಒಂದು ಸಾರಿ, ಮಂಗಳಾರತಿ ತೆಗೆದುಕೊಳ್ಳಬೇಕು.

ಕೇಳಿದೆ. "ಸುಳ್ಳುಸುಳ್ಳೇ ತಗೊಂಡ್ರೆ ನಿನಗೆ ಮೋಸ ಮಾಡ್ದಂಗಾಗುತ್ತೆ, ರಾಜಿ" ಎಂದರು. ಇಂಥ ಪ್ರಾಮಾಣಿಕರನ್ನು ಕಟ್ಟಿಕೊಂಡು ಯಾರೂ ಸುಖಪಟ್ಟಿಲ್ಲ.

ಆಗ ನಾನೊಂದು ಉಪಾಯ ಹೂಡಿದೆ. ಮೆಟ್ಟಿಲ ಪಕ್ಕ ನೆಲದ ಮೇಲೆ ರಾಗಿ ಮೊಳಕೆಯ ಹುಲ್ಲು ಬೆಳೆಸಿ ಪಾರ್ಕ್ ಮಾಡುವುದು ನಮ್ಮ ಪದ್ಧತಿ. ಒಂದು ವರ್ಷ ಮೃಗಾಲಯ, ಒಂದು ವರ್ಷ ರೈಲು ನಿಲ್ದಾಣ. ಈ ಸಲ ವಿಕಾಸವಾದ ಹೇಳಿದ ಆ ಇಂಗ್ಲಿಷ್ ವಿಜ್ಞಾನಿಯ ಮನೆ ಮಾಡೋಣ, ಅದರ ನೇರಕ್ಕೆ ಮೆಟ್ಟಿಲ ಮೇಲೆ ದಶಾವತಾರದ ಸೆಟ್ ಇಡೋಣ ಎಂದುಕೊಂಡೆ. ಮೊದಲು ಮೀನು, ಆಮೇಲೆ ಆಮೆ, ಹಂದಿ, ಅರ್ಧ ಸಿಂಹ, ಕುಳ್ಳ, ಪೂರ್ತಿ ಮನುಷ್ಯ. ನಿಮ್ಮ ವಿಜ್ಞಾನ ಹೇಳುವುದೂ ಇದನ್ನೇ ಅಲ್ಲವೇ, ಬನ್ನಿ ಆರತಿಗೆ, ಅಂತ ಹಿಡಿದು ನಿಲ್ಲಿಸುವ ಲೆಕ್ಕಾಚಾರ.

ಮಗಳು ನಮ್ರತಾ ಪೊಮೊನಾದ ಯೂನಿವರ್ಸಿಟಿಯಲ್ಲಿ ವಿಕ್ಟೋರಿಯಾ ರಾಣಿಯ ಕಾಲದ ಚರಿತ್ರೆ ಪಾಠ ಮಾಡುತ್ತಾಳೆ. ನನ್ನ ಒಳಗಿನ ಲೆಕ್ಕ ಅವಳಿಗೆ ಹೇಳಲಿಲ್ಲ. ಕೇಳಿದ್ದೇ ತಡ, ಸ್ಯಾನ್ ಡಿಯಾಗೋದ ಸ್ವಾಪ್ ಮೀಟ್ ಎಂಬ ಹಳೇ ಸಾಮಾನಿನ ಸಂತೆಯಿಂದ ಉದ್ದ ಗಡ್ಡದ ಒಂದು ಗೊಂಬೆ, ಉದ್ದ ಲಂಗದ ಒಂದು ಹೆಂಗಸು, ಬೆರಳುದ್ದದ ಪಿಯಾನೊ ಹುಡುಕಿ ತಂದಳು. ಗಡ್ಡದಜ್ಜನ ಮನೆ ಎದ್ದಿತು. ಪಾರಿವಾಳದ ಗೂಡು, ಗಾಜಿನ ಲೋಟ ಬೋರಲು ಹಾಕಿದ ಜರೀಗಿಡ, ಸಮುದ್ರದ ದಂಡೆಯಿಂದ ಆರಿಸಿ ತಂದ ಚಿಪ್ಪುಗಳು.

"ಎಂಟು ವರ್ಷ ಬರೀ ಈ ಚಿಪ್ಪಿನ ಹುಳ ಕೊಯ್ಕೊಂಡು ಕೂತಿದ್ರಮ್ಮ" ಎಂದಳು ನಮ್ರತಾ. "ಅವರ ಮಕ್ಳು ಎಲ್ಲಾ ಅಪ್ಪಂದಿರ ಕೆಲ್ಸಾನೂ ಇದೇ ಅಂದ್ಕೊಂಡಿದ್ವಂತೆ. ಪಾರಿವಾಳ ಸಾಕೋ ನೇಕಾರರ ಜೊತೆ ಕೂತು ತಳಿ ವಿಷ್ಯ ಕಲಿತ್ರು. ಥಿಯರಿ ಹೊಳೆದ ಮೇಲೂ ಇಪ್ಪತ್ತು ವರ್ಷ ಪಬ್ಲಿಷ್ ಮಾಡ್ಲಿಲ್ಲ."

"ಯಾಕೆ, ಹೆಂಡ್ತಿಗೆ ಹೆದರಿ?" ಎಂದೆ ತಮಾಷೆಗೆ.

"ಅದೂ ಒಂದು ಕಾರಣ ಇರಬಹುದು" ಎಂದು ಅವಳು ತಮಾಷೆ ಮಾಡದೆ ಹೇಳಿದಳು.

ನಮ್ಮ ಯಜಮಾನರಿಗೆ ಮೆಟ್ಟಿಲು ಮುಗಿದ ಮೇಲೂ ಗರಾಜು ಬಿಡಲಾಗಲಿಲ್ಲ. ಮೂರನೆಯ ದಿನ ಗರಗಸದ ಸದ್ದು ಕೇಳಿ ಓಡಿದೆ. "ರೀ, ಎದೆ ನೆಟ್ಟಗಿಲ್ಲದೋರು ಮರ ಕುಯ್ಯೋದೇನ್ರೀ?" ಎಂದು ಬೈದೆ. ಬೆನ್ನು ಅಡ್ಡ ಹಿಡಿದು, "ಚಿಕ್ಕ ಕೆಲ್ಸ, ಹೋಗು" ಎಂದರು. ನನಗೆ ಕಣ್ಣಲ್ಲಿ ನೀರು ಬಂತು, ಅದಕ್ಕೇ ಇನ್ನೂ ನಾಲ್ಕು ಮಾತು ಜೋರಾಗಿ ಬೈದೆ.

ಅರಿಶಿನ ಕುಂಕುಮಕ್ಕೆ ಬಂದವರಿಗೆಲ್ಲ ಪಾರ್ಕಿನದೇ ಸೋಜಿಗ. ಚಾಟ್ಸ್‌ವರ್ತಿನಿಂದ ಬಂದ ನಮ್ಮ ಹುಬ್ಬಳ್ಳಿಯ ಪ್ರೇಮವ್ವ, "ದೇವರ ಮುಂದ ಕುಂತಾರಲ್ಲ, ಈ ಗಡ್ಡದ ಅಜ್ಜಾರು ಯಾರ್ರೀ?" ಎಂದರು. "ನಮ್ಮನೆಯವರ ಕಡೆಯೋರು" ಎಂದೆ. ಪ್ರೇಮವ್ವ ಅಜ್ಜನಿಗೂ ಒಂದು ಹೂ ಏರಿಸಿ ಉಸಲಿ ತಿಂದು ಹೋದರು.

ಆಯುಧಪೂಜೆಯ ಸಂಜೆ ಮೂವರೇ ಇದ್ದೆವು. ಇದೇ ಸಮಯ ಅಂತ ಬಾಣ ಬಿಟ್ಟೆ. "ನೋಡ್ರೀ, ನಿಮ್ಮ ಗಡ್ಡದಜ್ಜ ಹೇಳಿದ್ದನ್ನ ನಮ್ಮೋರು ಯಾವತ್ತೋ ಹೇಳಿಟ್ಟಿದಾರೆ. ಮೀನಿಂದ ಶುರುವಾಗಿಲ್ವಾ?"

ಅವರು ಬಾಯಿ ಬಿಡುವ ಮೊದಲೇ ಮಗಳು ನನ್ನ ಬಾಣ ಮುರಿದಳು. "ಅಮ್ಮಾ, ದಶಾವತಾರಾನ ಹೀಗೆ ಓದೋಕೆ ಶುರು ಮಾಡಿದ್ದೇ ಆ ಥಿಯರಿ ಬಂದ್ಮೇಲೆ. ಅದೇ ವಿಕ್ಟೋರಿಯನ್ ಕಾಲದಲ್ಲಿ. ಈ ಅಜ್ಜನ ಪುಸ್ತಕ ಎಲ್ರನ್ನೂ ಅಲ್ಲಾಡಿಸ್ತು. ಪಾದ್ರಿಗಳು ಸಿಟ್ಟಾದ್ರು, ಪೇಪರ್‌ನೋರು ಅವರನ್ನ ಕೋತಿ ಥರ ಚಿತ್ರ ಬರೆದ್ರು, ಕೆಲವು ಸಾಹುಕಾರ್ರು ಬಡವರು ಬಡವರಾಗಿರೋದೇ ಪ್ರಕೃತಿ ನಿಯಮ ಅಂತ ತಿರುಚಿದ್ರು. ನಂಬಿಕೆ ಇದ್ದೋರು ಎರಡನ್ನೂ ಹೊಂದಿಸೋ ದಾರಿ ಹುಡುಕಿದ್ರು, ನಮ್ಮ ದೇಶದಲ್ಲೂ. ನೀನು ಈಗ ಮಾಡ್ತಿರೋದು ಅದನ್ನೇ."

ನನ್ನ ಮುಖ ಸಣ್ಣಗಾಯಿತು. ಅವರು ನಗಲಿಲ್ಲ, ಪುಣ್ಯಾತ್ಮರು. ಉಸಲಿಯ ತಟ್ಟೆ ನನ್ನ ಕಡೆ ಸರಿಸಿದರು ಅಷ್ಟೇ.

ಬಾಯಿಗೆ ಬಂದದ್ದು ಆಡಿಬಿಟ್ಟೆ. "ನನಗೆ ಥಿಯರಿ ಗೀರಿ ಬೇಡಮ್ಮ. ಇವರು ಹೋದ್ರೆ ಅಲ್ಲಿಗೆ ಮುಗೀತು ಅಂತ ಇವರು ನಂಬ್ತಾರೆ. ಮುಂದೆ ಇದೆ ಅಂತ ನಾನು ನಂಬ್ತೀನಿ. ಹಾಗಾದ್ರೆ ಅಲ್ಲಿ ನಾನೊಬ್ಳೇ ಹೋಗಿ ಇವರಿಗೆ ಕಾಯ್ಬೇಕಾ?"

ನಮ್ರತಾ ನೆಲದ ಮೇಲೆ ಕೂತು ಉದ್ದ ಲಂಗದ ಹೆಂಗಸಿನ ಗೊಂಬೆಯನ್ನು ಕೈಗೆ ತೆಗೆದುಕೊಂಡಳು. "ಈ ಅಜ್ಜನ ಹೆಂಡ್ತಿಗೂ ಇದೇ ಭಯ ಇತ್ತಮ್ಮ. ದೈವಭಕ್ತೆ. ಮದುವೆ ಆದ ಹೊಸದ್ರಲ್ಲೇ ಗಂಡನಿಗೆ ಕಾಗದ ಬರೆದ್ರು. ನಾವಿಬ್ರೂ ಶಾಶ್ವತವಾಗಿ ಒಬ್ರಿಗೊಬ್ರು ಸೇರಿದೋರು ಅಂತ ಅನ್ಸದೇ ಹೋದ್ರೆ ನನಗೆ ತಡೆಯೋಕಾಗಲ್ಲ ಅಂತ. ಗಂಡ ಒಪ್ಪಲಿಲ್ಲ. ಆದ್ರೆ ಆ ಕಾಗದಾನ ಸಾಯೋ ತನಕ ಇಟ್ಕೊಂಡಿದ್ರು. ಎಷ್ಟೋ ಸಾರಿ ಇದಕ್ಕೆ ಮುತ್ತಿಟ್ಟು ಅತ್ತಿದೀನಿ ಅಂತ ಅದ್ರ ಮೇಲೇ ಬರೆದಿಟ್ಟಿದ್ರು."

"ಆಮೇಲೆ?" ಎಂದರು ನಮ್ಮವರು. ಅವರು ಕಥೆ ಕೇಳಿ ಆಮೇಲೆ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಆಮೇಲೆ ಅಜ್ಜ ತೀರ್ಕೊಂಡಾಗ ಊರಲ್ಲೇ ಮಣ್ಣು ಮಾಡ್ಬೇಕು ಅಂತ ಮನೆಯೋರು ಅಂದ್ಕೊಂಡಿದ್ರು. ದೇಶದ ದೊಡ್ಡೋರು ಬಿಡ್ಲಿಲ್ಲ. ಲಂಡನ್ನಿನ ದೊಡ್ಡ ಚರ್ಚಲ್ಲಿ, ರಾಜರ ಪಕ್ಕ ಮಲಗಿಸಿದ್ರು. ಯಾವ ಚರ್ಚಿನೋರು ಬೈದಿದ್ರೋ ಅವರೇ ಮರ್ಯಾದೆ ಕೊಟ್ರು. ಹೆಂಡತಿ ಹೋದಾಗ ಅವರನ್ನ ಹಳ್ಳೀಲಿ ಮಣ್ಣು ಮಾಡಿದ್ರು. ಇಬ್ರೂ ಬೇರೆ ಬೇರೆ ಇದಾರೆ."

ನಮ್ಮವರು ಎದ್ದು ಗರಾಜಿಗೆ ಹೋದರು. ಆರತಿಯ ಹೊತ್ತೂ ಆಗಿರಲಿಲ್ಲ. ನನಗೆ ತುಂಬ ಕೋಪ ಬಂತು.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಬೇಕು. ಚಂದನದ ರಾಜ ರಾಣಿ, ನನ್ನ ಮದುವೆಗೆ ಅಮ್ಮ ಕೊಟ್ಟ ಜೋಡಿ. ಮಲಗಿಸಿ ಎದ್ದೆ. ಗುರುವಾರ ಮಧ್ಯಾಹ್ನ, ಮರುದಿನ ಬೆಳಿಗ್ಗೆ ಐದಕ್ಕೆ ಆಸ್ಪತ್ರೆಯಲ್ಲಿರಬೇಕು ಎನ್ನುವಾಗ, ಗೊಂಬೆಗಳನ್ನು ಒಬ್ಬಳೇ ತುಂಬಿಡಲು ಕೂತೆ. ಎಲ್ಲ ಆಗಿ ರಾಜ ರಾಣಿ ಮಾತ್ರ ಉಳಿದರು. ಒಂದನೇ ನಂಬರಿನ ಪೆಟ್ಟಿಗೆ ರಾಜನದು, ಎರಡನೆಯದು ರಾಣಿಯದು. ಈ ಮನೆಗೆ ಬರುವಾಗ ಒಂದಕ್ಕೊಂದು ಉಜ್ಜಿ ರಾಣಿಯ ಮೂಗು ಮುಕ್ಕಾದ ಮೇಲೆ ಅವರೇ ಮಾಡಿದ ಕಾಯಿದೆ ಅದು: ಜೋಡಿಯನ್ನು ಒಂದೇ ಪೆಟ್ಟಿಗೆಯಲ್ಲಿ ಇಡಕೂಡದು.

ಆ ಎರಡು ಪೆಟ್ಟಿಗೆಗಳೇ ಇರಲಿಲ್ಲ. ಅವುಗಳ ಜಾಗದಲ್ಲಿ ಹೊಸ ಮರದ ಒಂದು ಪೆಟ್ಟಿಗೆ ಇತ್ತು, ಅವತ್ತು ಬೆನ್ನು ಅಡ್ಡ ಹಿಡಿದು ಕುಯ್ಯುತ್ತಿದ್ದ ಮರದ್ದೇ. ಒಳಗೆ ಮೆತ್ತನೆಯ ಬಟ್ಟೆ ಅಂಟಿಸಿ, ಪಕ್ಕಪಕ್ಕದಲ್ಲಿ ಎರಡು ಆಕಾರ ಕೊರೆದಿದ್ದರು. ನಡುವೆ ಮೂಗು ತಾಗದಷ್ಟು, ಕೈ ತಾಗುವಷ್ಟು ಜಾಗ. ಮುಚ್ಚಳದ ಮೇಲೆ ಅದೇ ಕೈಬರಹದ ಚೀಟಿ: "ನಂಬರ್ ಒಂದು. ಪಟ್ಟದ ಗೊಂಬೆಗಳು. ಬೇರೆ ಬೇರೆ ಇಡಕೂಡದು."

ಪೆಟ್ಟಿಗೆ ಎತ್ತಿಕೊಂಡು ಹೋಗಿ ಅವರ ಮುಂದೆ ನಿಂತೆ. ಸೋಫಾದಲ್ಲಿ ಆಸ್ಪತ್ರೆಯ ಫಾರಂ ತುಂಬುತ್ತಿದ್ದರು.

"ಮುಂದೇನೂ ಇಲ್ಲ ಅಂತೀರಲ್ಲ. ಮತ್ತೆ ಇದ್ಯಾಕೆ?"

"ಇಲ್ಲ ಅಂತಲೇ ಅನ್ಸುತ್ತೆ" ಎಂದರು, ಕನ್ನಡಕ ತೆಗೆದು. "ಆದ್ರೆ ನನ್ನ ಲೆಕ್ಕ ಎಷ್ಟು ಸಾರಿ ತಪ್ಪಿಲ್ಲ, ರಾಜಿ? ಅಕಸ್ಮಾತ್ ಇದ್ರೆ, ನೀನೊಬ್ಳೇ ನಿಂತಿರಬಾರ್ದು. ಏನೇ ಡಿಸೈನ್ ಮಾಡಿದ್ರೂ ಒಂದು ಬ್ಯಾಕಪ್ ಇಡ್ತೀವಲ್ಲ."

ಅಳುತ್ತ ಅವರ ಪಕ್ಕ ಕೂತೆ. ಫಾರಂ ಒದ್ದೆಯಾಯಿತು ಅಂತ ಅವರು ಗೊಣಗಿದರು.

ಆಪರೇಷನ್ ಆರು ಗಂಟೆ ನಡೆಯಿತು. ಆ ಆರು ಗಂಟೆ ನಾನು ಜಪ ಮಾಡಿದೆ ಎಂದು ಹೇಳಬೇಕು, ಆದರೆ ಒಂದು ಶ್ಲೋಕವೂ ನೆನಪಿಗೆ ಬರಲಿಲ್ಲ. ಆ ಚೀಟಿಯನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಓದುತ್ತ ಕೂತಿದ್ದೆ.

ಮರುವರ್ಷದ ನವರಾತ್ರಿಗೆ ಮೆಟ್ಟಿಲು ಜೋಡಿಸಿದವರು ಅವರೇ, ರಸಮಟ್ಟ ಇಟ್ಟು. ಒಂದನೇ ನಂಬರಿನ ಪೆಟ್ಟಿಗೆ ತೆಗೆದು ರಾಜ ರಾಣಿಯನ್ನು ಮೇಲಿನ ಮೆಟ್ಟಿಲಿಗೆ ಏರಿಸಿದವರೂ ಅವರೇ. ನಾನು ಗಡ್ಡದಜ್ಜನನ್ನೂ ಅವರ ಹೆಂಡತಿಯನ್ನೂ ಹುಲ್ಲಿನ ಮೇಲೆ ಒಂದೇ ಬೆಂಚಿನಲ್ಲಿ ಕೂರಿಸಿದೆ.

ಕರ್ಪೂರ ಹಚ್ಚುವ ಹೊತ್ತಿಗೆ ಅವರು ಸ್ಕ್ರೂಡ್ರೈವರ್ ಹುಡುಕಲು ಹೋದರು. ನಾನು ಕರೆಯಲಿಲ್ಲ. ಆರತಿಯ ತಟ್ಟೆಯನ್ನೇ ಗರಾಜಿನ ಬಾಗಿಲ ತನಕ ಒಯ್ದು, ದೀಪದ ಬೆಳಕು ಅವರ ಮುಖದ ಮೇಲೆ ಬೀಳುವ ಹಾಗೆ ಒಂದು ಗಳಿಗೆ ನಿಂತೆ. ಅವರು ಕೈ ಚಾಚಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು, ಕರ್ಪೂರ ಆರುವ ತನಕ ನನ್ನ ಎದುರಿಗೇ ನಿಂತಿದ್ದರು.