ಹಗ್ಗದಕ್ಕನ ಮಣಿ ಅಂಗಡಿಗಳು

ಯಾವ ಊರಲ್ಲಿ ಬಸ್ಸಿಳಿದರೂ ಹಗ್ಗದಕ್ಕ ಮೊದಲು ಕೇಳುತ್ತಿದ್ದುದು ಮಣಿ ಮಾರುವ ಅಂಗಡಿ ಎಲ್ಲಿದೆ ಎಂದು. ಕೋಣೆ, ಊಟ ಎಲ್ಲ ಆಮೇಲೆ. ಕ್ರೇನುಗಳ ಉಕ್ಕಿನ ಹಗ್ಗ ತಪಾಸಣೆ ಮಾಡುವುದು ಆಕೆಯ ವೃತ್ತಿಯಾದ್ದರಿಂದ ನಮ್ಮ ಹಮಾಲರು ಇಟ್ಟ ಹೆಸರು ಅದು. ಗಡಿಯಾರ ರಿಪೇರಿಯವನ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಹೊಲಿಗೆಯಂಗಡಿಯ ಹಿಂಬದಿಯಲ್ಲಿ, ಊರಿನವರಿಗೇ ಗೊತ್ತಿಲ್ಲದ ಮಣಿ ಅಂಗಡಿಗಳು ಆಕೆಯ ಮೂಗಿಗೆ ಬಡಿಯುತ್ತಿದ್ದವು. ಗಿಡ್ಡ ಆಳು, ಬಿರುಸು ನಡಿಗೆ, ಮೊಣಕೈಯಲ್ಲಿ ಗ್ರೀಸಿನ ಕಲೆ ಹೊತ್ತ ಖಾಕಿ ಕೋಟು. ಕೊರಳು ಮಾತ್ರ ಬೋಳು. ಯಾಕೆಂದರೆ, "ಸರ ಹಾಕ್ಕೊಂಡು ಕ್ರೇನ್ ಹತ್ತಿದ್ರೆ ಅದೇ ಉರುಳಾಗುತ್ತೆ, ಅಣ್ಣ" ಎನ್ನುತ್ತಿದ್ದಳು.

ಆಕೆಯನ್ನು ನಾನು ಮೊದಲು ಕಂಡದ್ದು ನಮ್ಮ ಗೋದಾಮಿನ ಮುಷ್ಕರದಲ್ಲಿ. ಕ್ರೇನಿನ ಹಗ್ಗ ಸವೆದಿದೆ, ಅದರಡಿ ಯಾರೂ ನಿಲ್ಲಕೂಡದು ಎಂದು ಹಮಾಲರನ್ನೆಲ್ಲ ಗೇಟಿನ ಹೊರಗೆ ಕೂರಿಸಿದವನು ಸಂಘದ ಮುಖಂಡನಾದ ನಾನೇ. ಆಡಳಿತದವರು ಕರೆಸಿದ ಈ ಹೆಂಗಸು ಬಂದವಳೇ ಎದುರಿನ ಓಣಿಗೆ ನುಗ್ಗಿದಳು. ಮ್ಯಾನೇಜರು ಹಿಂದೆಯೇ ಓಡಿದ. ಎಲ್ಲಿ ಆಕೆಯ ಕೈ ಬಿಸಿ ಮಾಡಿಬಿಡುತ್ತಾನೋ ಎಂದು ನಾನೂ ಓಡಿದೆ.

ಓಣಿಯ ಮಣಿ ಅಂಗಡಿಯ ಮುದುಕಿ ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳನ್ನು ತಟ್ಟೆಗೆ ಸುರಿದಳು. ಹಗ್ಗದಕ್ಕ ಸೂಜಿ ಹಿಡಿದಳು. ಮಣಿ ಜಾರಿತು. ಮತ್ತೆ ಜಾರಿತು.

"ಪ್ರಯಾಣದ ಸುಸ್ತು ಕಣಮ್ಮ, ದೊಡ್ಡ ಮಣಿ ಕೊಡ್ಲಾ?" ಎಂದಳು ಮುದುಕಿ.

"ದೊಡ್ಡದನ್ನ ಕಣ್ಮುಚ್ಕೊಂಡೂ ಪೋಣಿಸಬಹುದು, ಅಜ್ಜಿ." ಸೂಜಿ ಕೆಳಗಿಟ್ಟು ಮ್ಯಾನೇಜರನತ್ತ ತಿರುಗಿದಳು. "ಇವತ್ತು ಕಣ್ಣು ಸರಿಯಿಲ್ಲ. ನಾಳೆ ನೋಡ್ತೀನಿ."

"ಸುಮ್ನೆ ಒಂದ್ಸಲ ಕಣ್ಣಾಡಿಸಿ ಸಹಿ ಹಾಕಿ, ಮೇಡಂ."

"ಮಣಿಯ ತೂತು ಕಾಣದ ಕಣ್ಣಿಗೆ ಹಗ್ಗದಲ್ಲಿ ಮುರಿದ ಎಳೆ ಕಾಣುತ್ತಾ? ಅಡಿಯಲ್ಲಿ ನಿಲ್ಲೋದು ನೀವಲ್ವಲ್ಲ."

ಇನ್ನೊಂದು ದಿನದ ಕೂಲಿ ಹೋಯಿತೆಂದು ನಾನು ರೇಗಿದೆ. "ಮಣಿ ಚೀಲದಲ್ಲೇ ಇಟ್ಕೊಂಡು ಬರೋಕಾಗಲ್ವಾ? ನಮ್ಮ ಹೊಟ್ಟೆ ಉರೀತಿದೆ, ನಿಮಗೆ ಅಂಗಡಿ ಸುತ್ತೋ ಶೋಕಿ."

"ಪಳಗಿದ ಮಣಿಗೆ ಕೈಯೇ ದಾರಿ ಹುಡುಕ್ಕೊಳ್ಳುತ್ತೆ, ಅಣ್ಣ. ಹೊಸದಾದ್ರೇನೇ ಕಣ್ಣಿಗೆ ಪರೀಕ್ಷೆ."

ಮರುದಿನ ಬೇರೊಂದು ಡಬ್ಬಿಯ ಮಣಿಗಳು ಆಕೆಯ ದಾರದಲ್ಲಿ ಸರಾಗವಾಗಿ ಸಾಲುಗೂಡಿದವು. ಆಮೇಲೆಯೇ ಕ್ರೇನು ಹತ್ತಿ, ಹಳೇ ಬಟ್ಟೆಯ ತುಂಡೊಂದನ್ನು ಹಗ್ಗದುದ್ದಕ್ಕೂ ಜಾರಿಸುತ್ತ, ಮುರಿದ ಎಳೆಗೆ ಅದು ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೋ ಎಂದು ಗೇಣು ಗೇಣಾಗಿ ನೋಡಿ, ಬೆವರಿಳಿಸುತ್ತ ಕೆಳಗಿಳಿದು, ನೇರ ನನ್ನ ಮುಂದೆ ಬಂದು ನಿಂತಳು.

"ಹಗ್ಗ ಗಟ್ಟಿ ಇದೆ. ನಿಮ್ಮ ಲೆಕ್ಕ ತಪ್ಪು, ಅಣ್ಣ."

ಆಡಳಿತ ಕರೆಸಿದವರು ಹಾಗೆಂದಾಗಲೆಲ್ಲ ಕೇಕೆ ಹಾಕಿ ಅಟ್ಟಿದವರು ನಾವು. ಅಂದು ಒಂದು ಸಿಳ್ಳೆಯೂ ಏಳಲಿಲ್ಲ. ಜಾರಿದ ಮಣಿಯ ಕಥೆ ಹಿಂದಿನ ಸಂಜೆಯೇ ಎಲ್ಲರ ಕಿವಿಗೂ ಬಿದ್ದಿತ್ತು. ಹಮಾಲರು ಚಡ್ಡಿಯ ಧೂಳು ಕೊಡವಿಕೊಂಡು ಎದ್ದರು. ನನಗೆ ಅವಮಾನವೇನೂ ಆಗಲಿಲ್ಲ. ಅನುಮಾನಪಡುವುದು ನನ್ನ ಕಸುಬು, ತೀರಿಸುವುದು ಆಕೆಯದು.

ಎದುರಾಳಿಯನ್ನು ಅನುಮಾನಿಸುವ ಗಂಟಲುಗಳು ಬೀದಿಗೆ ಬೇಕಾದಷ್ಟಿವೆ, ನನ್ನದೂ ಅವುಗಳಲ್ಲೊಂದು. ಮೊದಲು ತಮ್ಮ ಕಣ್ಣನ್ನೇ ಅನುಮಾನಿಸುವ ಜನ ಅಪರೂಪ. ಅಂಥವರು 'ಇವತ್ತು ನನ್ನಿಂದಾಗದು' ಎಂದದ್ದನ್ನು ಒಮ್ಮೆ ಕೇಳಿದವರು, ಅವರೇ 'ಆದೀತು' ಎಂದ ದಿನ, ನೆತ್ತಿಯ ಮೇಲೆ ಟನ್ನುಗಟ್ಟಲೆ ಭಾರ ತೂಗಾಡುತ್ತಿದ್ದರೂ ತಲೆಯೆತ್ತಿ ನೋಡದೆ ಕೆಲಸ ಮಾಡುತ್ತಾರೆ.