ಹತ್ತು ಗಜದ ಸರಪಳಿ

"ನಿಧಾನ. ಇನ್ನೂ ಮೂರು ಮೆಟ್ಟಿಲಿದೆ," ಎಂದ ರೋಮನ್.

"ನನಗೂ ಕಣ್ಣಿದೆ. ಸುಮ್ನೆ ನಡಿ," ಎಂದ ಲೈಲ್ ಫೇರ್.

ಚರ್ಚಿನ ಮೆಟ್ಟಿಲ ಮೇಲೆ ಶವಪೆಟ್ಟಿಗೆ ಮುಂದಕ್ಕೆ ವಾಲಿತು. ಆರು ಜನ ಹಿಡಿದಿದ್ದರೂ ಭಾರವೆಲ್ಲ ಮುಂದಿನ ಇಬ್ಬರ ಕೈಗೇ ಬಂತು. ಬಲಗಡೆ ರೋಮನ್, ಎಡಗಡೆ ಲೈಲ್. ಹಾಗೇ ಇರಬೇಕೆಂದು ಪೆಟ್ಟಿಗೆಯಲ್ಲಿ ಮಲಗಿದ್ದ ಓರೆಸ್ಟ್ ಕುಶ್ನೀರ್ ತಾನೇ ಚೀಟಿ ಬರೆದಿಟ್ಟು ಸತ್ತಿದ್ದ. 'ಮುಂದೆ ಎಡಕ್ಕೆ ಲೈಲ್ ಫೇರ್. ಮುಂದೆ ಬಲಕ್ಕೆ ನನ್ನ ತಂಗಿಯ ಮಗ ರೋಮನ್. ಮಿಕ್ಕವರು ಯಾರಾದರೂ ಆದೀತು.'

ಚೀಟಿಯ ವಿಷಯ ಫೋನಿನಲ್ಲಿ ಕೇಳಿದ ದಿನದಿಂದ ಲೈಲನ ತಲೆ ಕೆಟ್ಟಿತ್ತು. ಮೂವತ್ತಾರು ವರ್ಷಗಳಿಂದ ಇಬ್ಬರ ನಡುವೆ ಮಾತಿಲ್ಲ. ಓರೆಸ್ಟ್ ಎದುರಿಗೆ ಬಂದರೆ ಲೈಲ್ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಅಂಥವನ ಕೈಯಲ್ಲಿ ತನ್ನ ಹೆಣ ಹೊರಿಸುತ್ತಾನೆ ಎಂದರೆ ಏನೋ ಮಸಲತ್ತು ಇರಲೇಬೇಕು. ತಪ್ಪೊಪ್ಪಿಗೆಯೋ, ಸತ್ತ ಮೇಲೂ ಅಣಕವೋ? ಅದು ಗೊತ್ತಾಗದೆ ಮನೆಗೆ ಹೋಗುವುದಿಲ್ಲ ಎಂದುಕೊಂಡೇ ಅವನು ಕರಿ ಕೋಟು ಹಾಕಿಕೊಂಡು ಬಂದಿದ್ದ.

ಹಿಂದಿನ ಹಿಡಿಕೆ ಹಿಡಿದಿದ್ದ ಡ್ವೇನ್ ಕ್ಯಾಲ್ಡರ್ ಮೆಲ್ಲಗೆ ನಕ್ಕ. ಆ ಕಾಲದಲ್ಲಿ ಲೈಲನ ಫುಟ್‌ಬಾಲ್ ತಂಡದಲ್ಲಿ ಚೆಂಡು ಎಸೆಯುತ್ತಿದ್ದವನು ಅವನೇ.

"ವ್ಯಾನಿನವರೆಗೆ ತಲುಪಿಸು ಮಾರಾಯ. ಆಮೇಲೆ ಒಂದು ಹೆಬ್ಬೆರಳು ಕಡಿಮೆ ಬಿತ್ತು ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಾರೆ."

ಲೈಲನ ಕಿವಿ ಕೆಂಪಾಯಿತು. ಐವತ್ತೇಳು ವರ್ಷದ ಗಂಡಸು, ಟ್ರ್ಯಾಕ್ಟರ್ ಮಾರುವ ಅಂಗಡಿಯ ಯಜಮಾನ. ಈಗಲೂ ಊರಿನ ಕಾಫಿ ಅಂಗಡಿಗೆ ಹೋದರೆ ಯಾವನಾದರೊಬ್ಬ ಹೆಬ್ಬೆರಳು ಎತ್ತಿ ತೋರಿಸದೆ ಬಿಡುತ್ತಿರಲಿಲ್ಲ.

* * *

ಸಾವಿರದ ಒಂಬೈನೂರ ಎಂಬತ್ತೆಂಟರ ನವೆಂಬರ್. ವಿಶ್ವವಿದ್ಯಾಲಯದ ಮೈದಾನ ಚಳಿಗೆ ಹೆಪ್ಪುಗಟ್ಟಿ ಕಲ್ಲಾಗಿತ್ತು. ಎಂಟು ಆಟಗಳ ಸೀಸನ್ನಿನಲ್ಲಿ ಐದು ಗೆದ್ದು, ಹನ್ನೊಂದು ವರ್ಷಗಳ ಮೇಲೆ ಊರ ತಂಡ ಸೆಮಿಫೈನಲ್ಲಿಗೆ ಬಂದಿತ್ತು. ಎದುರಿಗೆ ಆಲ್ಬರ್ಟಾ ಕಡೆಯ ತಂಡ. ಅಲ್ಲಿ ಓದುತ್ತಿದ್ದ ರೋಮನ್ ಆ ತಂಡದಲ್ಲಿ ಆಡುತ್ತಿದ್ದ.

ಎರಡು ನಿಮಿಷ ಬಾಕಿ, ನಾಲ್ಕು ಅಂಕ ಹಿಂದೆ. ಮೂರು ಸಲದಲ್ಲಿ ಹತ್ತು ಗಜ ದಾಟಬೇಕು, ಇಲ್ಲವಾದರೆ ಚೆಂಡು ಅವರಿಗೆ ಹೋಗುತ್ತದೆ. ಎರಡು ಸಲ ಮುಗಿದು ಒಂದೇ ಒಂದು ಗಜ ಉಳಿದಿತ್ತು. ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಈ ದೇಶದ ಫುಟ್‌ಬಾಲಿನಲ್ಲಿ ಎದುರಾಳಿಗಳು ಚೆಂಡಿನಿಂದ ಒಂದು ಗಜ ಹಿಂದೆ ಸರಿದು ನಿಲ್ಲಬೇಕು. ಹಾಗಾಗಿ ಆ ಒಂದು ಗಜವನ್ನು ಮುಂದಕ್ಕೆ ಬಿದ್ದರೂ ದಾಟಬಹುದು. ದಾಟದವನನ್ನು ಯಾರೂ ಮರೆಯುವುದಿಲ್ಲ.

ಡ್ವೇನ್ ಚೆಂಡನ್ನು ಲೈಲನ ಹೊಟ್ಟೆಗೆ ಒತ್ತಿದ. ಲೈಲ್ ತಲೆ ತಗ್ಗಿಸಿ ನುಗ್ಗಿದ. ರೋಮನ್ ಅವನ ಸೊಂಟಕ್ಕೆ ಗುದ್ದಿದ. ಮೇಲೆ ಆರು ಜನ ಬಿದ್ದರು.

ರೆಫರಿ ಅಳೆಯಲು ಸರಪಳಿ ತರಿಸಿದ. ಎರಡು ತುದಿಗೆ ಎರಡು ಕಿತ್ತಳೆ ಬಣ್ಣದ ಕೋಲು, ನಡುವೆ ಹತ್ತು ಗಜದ ಕಬ್ಬಿಣದ ಸರಪಳಿ. ಮುಂದಿನ ಕೋಲು ಓರೆಸ್ಟನದು. ಹದಿನೈದು ವರ್ಷಗಳಿಂದ ಪ್ರತಿ ಆಟಕ್ಕೂ ಒಂದು ಬಟ್ಟಲು ಸೂಪಿಗೆ ಅವನು ಆ ಕೋಲು ಹಿಡಿಯುತ್ತಿದ್ದ. ವಾರವೆಲ್ಲ ಮನೆ ಮನೆಗೆ ಹೋಗಿ ನೆಲಕ್ಕೆ ಟೈಲ್ಸ್ ಹಾಕುವ ಕೆಲಸ, ಶನಿವಾರ ಈ ಕೋಲು. ಅವನು ಸರಪಳಿಯನ್ನು ಬಿಗಿಯಾಗಿ ಎಳೆದು ಕೋಲು ಊರಿದ. ರೆಫರಿ ಬಗ್ಗಿ ನೋಡಿ ಚೆಂಡಿಗೂ ಕೋಲಿಗೂ ನಡುವಿನ ಅಂತರವನ್ನು ಬೆರಳಲ್ಲಿ ತೋರಿಸಿದ. ಒಂದು ಹೆಬ್ಬೆರಳಿನಷ್ಟು ಕಡಿಮೆ. ಚೆಂಡು ಎದುರಾಳಿಗಳಿಗೆ ಹೋಯಿತು, ಅದರ ಜೊತೆಗೆ ಆಟವೂ.

"ಓರೆಸ್ಟ್ ಕೋಲನ್ನ ಮುಂದಕ್ಕೆ ಜಗ್ಗಿದ," ಎಂದು ಆಟ ಮುಗಿದ ಮೇಲೆ ಲೈಲ್ ಪತ್ರಿಕೆಯವನಿಗೆ ಹೇಳಿದ. "ಸೋದರಳಿಯನಿಗೋಸ್ಕರ ಜಗ್ಗಿದ. ನಾನು ಕಣ್ಣಾರೆ ನೋಡಿದ್ದೀನಿ."

ನೋಡಿದ್ದನೇ? ಆರು ಜನರ ಅಡಿಯಿಂದ ಆಗಷ್ಟೇ ಎದ್ದಿದ್ದ. ಕಣ್ಣಿಗೆ ಬೆವರಿಳಿದಿತ್ತು. ಆದರೆ ಹೇಳಿದ್ದು ಅಚ್ಚಾಯಿತು, ಅಚ್ಚಾದ ಮೇಲೆ ಅವನೂ ನಂಬಿದ.

ಮುಂದಿನ ವರ್ಷ ಓರೆಸ್ಟನನ್ನು ಯಾರೂ ಕರೆಯಲಿಲ್ಲ. ಹೊಸ ಸರಪಳಿ ಬಂತು. ಹಳೆಯದನ್ನು ಬಿಸಾಡುವವರಿದ್ದರು, ಓರೆಸ್ಟ್ ಕೇಳಿ ತೆಗೆದುಕೊಂಡು ಹೋದ. ಅದೂ ಒಂದು ಅನುಮಾನವಾಯಿತು. ಊರವರು ಟೈಲ್ಸ್ ಹಾಕಿಸಲು ಬೇರೆಯವರನ್ನು ಹುಡುಕಿಕೊಂಡರು. ಅಪರೂಪಕ್ಕೆ ಕರೆದವರೂ, "ಅಳತೆ ಸರಿಯಾಗಿರ್ಲಪ್ಪಾ ಓರೆಸ್ಟ್," ಎಂದು ಕಣ್ಣು ಮಿಟುಕಿಸುತ್ತಿದ್ದರು. ಅವನು ಎದುರು ಮಾತಾಡಲಿಲ್ಲ. ಮಾತಾಡದವನ ಮೇಲೆ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

* * *

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಅಡುಗೆಮನೆಯಲ್ಲಿ ಹೆಂಗಸರು ಎಲೆಕೋಸಿನ ಸುರುಳಿಗಳನ್ನೂ ಆಲೂಗಡ್ಡೆ ತುಂಬಿದ ಪಿರೋಹಿ ಕಡುಬುಗಳನ್ನೂ ತಟ್ಟೆಗೆ ಬಡಿಸುತ್ತಿದ್ದರು. ಗೋಡೆಯ ಪಕ್ಕದ ಮೇಜಿನ ಮೇಲೆ ಓರೆಸ್ಟನ ಫೋಟೋ. ಇದೇ ಕೋಣೆಯಲ್ಲಿ ಮಂಡಿಯೂರಿ ಇದೇ ನೆಲಕ್ಕೆ ಟೈಲ್ಸ್ ಹಾಕುತ್ತಿದ್ದಾಗ ತೆಗೆದದ್ದು. ಫೋಟೋದ ಮುಂದೆ ಜೇನು ಹಾಕಿ ಬೇಯಿಸಿದ ಗೋಧಿಯ ಬಟ್ಟಲು. ಪಕ್ಕದಲ್ಲಿ, ಗೋಡೆಗೆ ಒರಗಿಸಿದ ಎರಡು ಕಿತ್ತಳೆ ಕೋಲುಗಳು. ಸುತ್ತಿಟ್ಟ ಸರಪಳಿ.

"ಧೈರ್ಯ ನೋಡೋ ಓರೆಸ್ಟನ ಮುದುಕಿಗೆ," ಎಂದು ಡ್ವೇನ್ ಲೈಲನ ಕಿವಿಯಲ್ಲಿ ಹೇಳಿದ. "ಕಳ್ಳಮಾಲು ತಂದು ದೇವರ ಮನೇಲೇ ಇಟ್ಟಿದ್ದಾಳೆ."

"ಯಾಕೆ ಇಟ್ಟಿರಬಹುದು?"

"ನಿನಗೆ ಅಂತಾನೇ. ಚೀಟಿ ಬರೆದು ಕರೆಸಿದ್ದಾನೆ, ಸರಪಳಿ ಇಡ್ಸಿದ್ದಾನೆ. ಇನ್ನೂ ಏನೋ ಇದೆ ನೋಡ್ತಿರು. ಈ ಜನ ಸುಮ್ಮನೆ ಸಾಯೋರಲ್ಲ."

ಓರೆಸ್ಟನ ಹೆಂಡತಿ ಸ್ಟೆಫಾ ಊರುಗೋಲು ಕುಟ್ಟುತ್ತ ಬಂದಳು. ಎಂಬತ್ತು ದಾಟಿದ ಹೆಂಗಸು. ತಲೆಯ ಕರಿ ವಸ್ತ್ರವನ್ನು ಗಲ್ಲದ ಕೆಳಗೆ ಗಂಟು ಹಾಕಿದ್ದಳು.

"ಊಟ ಮಾಡಿದ್ಯೇನಪ್ಪಾ ಲೈಲ್?"

"ನಾನು ಊಟಕ್ಕೆ ಬಂದಿಲ್ಲ, ಮಿಸೆಸ್ ಕುಶ್ನೀರ್."

"ಹಸಿದ ಹೊಟ್ಟೇಲಿ ಜಗಳ ಆಡಿದ್ರೆ ತಲೆ ಸುತ್ತುತ್ತೆ. ಎರಡು ಪಿರೋಹಿ ತಿನ್ನು, ಆಮೇಲೆ ಆಡು."

ಅಡುಗೆಮನೆ ಕಡೆಯಿಂದ ಯಾರೋ ನಕ್ಕರು. ಲೈಲ್ ನಗಲಿಲ್ಲ.

"ನನ್ನನ್ನ ಯಾಕೆ ಕರೆಸಿದ್ರು ಹೇಳಿ. ಅವರು ಅವತ್ತು ಜಗ್ಗಿದ್ರಾ ಇಲ್ವಾ? ಹೂಂ ಅಂದ್ರೆ ಹೂಂ ಅನ್ನಿ, ನಾನು ಹೊರಟುಹೋಗ್ತೀನಿ. ಮೂವತ್ತಾರು ವರ್ಷ ಹೆಬ್ಬೆರಳು ನೋಡಿದ್ದೀನಿ ನಾನು."

"ಅವರು ಹೆಬ್ಬೆರಳು ನೋಡಲಿಲ್ಲ ಅಂದ್ಕೊಂಡ್ಯಾ?" ಎಂದಳು ಸ್ಟೆಫಾ. "ಸರಪಳಿ ಅಲ್ಲೇ ಇದೆ. ನೀನೇ ನೋಡು. ನೀನು ಬರದೆ ಅದನ್ನ ಯಾರೂ ಬಿಚ್ಚಬಾರದು ಅಂತ ಹೇಳಿ ಹೋಗಿದ್ದಾರೆ."

ಲೈಲ್ ಸರಪಳಿಯನ್ನು ಕೈಗೆತ್ತಿಕೊಂಡ. ತಣ್ಣಗಿತ್ತು. ಒಂದೊಂದೇ ಕೊಂಡಿಯನ್ನು ಬೆರಳಿನ ನಡುವೆ ಹಾಯಿಸುತ್ತ ಹೋದ. ಅರ್ಧದ ಹತ್ತಿರ ಬೆರಳಿಗೆ ಏನೋ ಚುಚ್ಚಿತು. ಎರಡು ಕೊಂಡಿಗಳನ್ನು ತಾಮ್ರದ ತಂತಿಯಿಂದ ಬಿಗಿದು ಕಟ್ಟಿತ್ತು.

"ಕತ್ತರಿಸಿದ್ದಾನೆ!" ಎಂದು ಕೂಗಿದ ಲೈಲ್. ತಟ್ಟೆಗಳ ಸದ್ದು ನಿಂತಿತು. "ನೋಡ್ರೋ ಇಲ್ಲಿ. ಸರಪಳಿ ಕತ್ತರಿಸಿ ಕಟ್ಟಿದ್ದಾನೆ!"

"ನಾನು ಹೇಳ್ಲಿಲ್ವಾ!" ಎಂದು ಡ್ವೇನ್ ಎದ್ದು ನಿಂತ.

ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ರೋಮನ್ ಮಾತ್ರ ಎದ್ದಿರಲಿಲ್ಲ. "ಕತ್ತರಿಸಿ ಕಟ್ಟಿದ್ರೆ ಸರಪಳಿ ಗಿಡ್ಡ ಆಗುತ್ತೆ ಲೈಲ್, ಉದ್ದ ಆಗಲ್ಲ," ಎಂದ. "ಗಿಡ್ಡ ಆದ್ರೆ ಅವತ್ತು ಲಾಭ ಆಗಿದ್ದು ನಿನಗೆ, ನಮಗಲ್ಲ."

ಲೈಲ್ ಸರಪಳಿಯನ್ನು ಬೆಳಕಿಗೆ ಹಿಡಿದ. ಅವನು ತಂತಿಯನ್ನೇ ನೋಡುತ್ತಿದ್ದ. ಆ ತಂತಿಯನ್ನು ಅವನು ಮೊದಲೂ ನೋಡಿದ್ದ.

* * *

ಅದೇ ಎಂಬತ್ತೆಂಟರ ಸೆಪ್ಟೆಂಬರ್, ಮೂರನೇ ಆಟ. ಲೈಲ್ ಚೆಂಡು ಹಿಡಿದು ಬದಿಯ ಗೆರೆಗುಂಟ ಓಡುತ್ತಿದ್ದಾಗ ಇಬ್ಬರು ಅವನನ್ನು ಹೊರಕ್ಕೆ ನೂಕಿದರು. ಅವನು ಕೋಲು ಹಿಡಿದು ನಿಂತಿದ್ದವರ ಮೇಲೇ ಹೋಗಿ ಬಿದ್ದ. ಬೂಟಿನ ಮೊಳೆಗೆ ಸರಪಳಿ ಸಿಕ್ಕಿಕೊಂಡಿತು. ಕಾಲು ಒದರಿದ. ಟಣ್ ಎಂದು ಸರಪಳಿ ಹರಿಯಿತು.

"ಅಯ್ಯೋ, ಮುರಿದುಹಾಕ್ಬಿಟ್ನಾ?"

"ನಿನ್ನ ಕಾಲು ಮುರೀಲಿಲ್ವಲ್ಲ," ಎಂದ ಓರೆಸ್ಟ್. ಟೈಲ್ಸಿನವನ ಜೇಬಿನಲ್ಲಿ ಇಕ್ಕಳ ಯಾವಾಗಲೂ ಇರುತ್ತಿತ್ತು. ಬಾಗಿ ಹೋದ ಎರಡು ಕೊಂಡಿಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಮಿಕ್ಕ ತುದಿಗಳನ್ನು ತಾಮ್ರದ ತಂತಿಯಿಂದ ಬಿಗಿದ. "ಹೋಗು, ಹೋಗಿ ಆಡು ಮಗಾ. ಇವತ್ತಿಗೆ ಇಷ್ಟು ಸಾಕು, ನಾಳೆ ಅವರು ಹೊಸದು ತರಿಸ್ತಾರೆ."

ಯಾರೂ ತರಿಸಲಿಲ್ಲ. ಆ ಸರಪಳಿಯಲ್ಲೇ ಸೀಸನ್ ಮುಗಿಯಿತು. ಎಂಟನೆಯ ಆಟದ ಕೊನೆಯಲ್ಲೂ ಅಳತೆಗೆ ಬಂದದ್ದು ಅದೇ. ಅವತ್ತು ಲೈಲ್ ಎರಡು ಬೆರಳು ಹೆಚ್ಚಿಗೆ ದಾಟಿದ್ದ. ಆ ಎರಡು ಬೆರಳಿನಿಂದ ಐದನೆಯ ಗೆಲುವು ಬಂತು. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿದರು.

* * *

"ಮೇಜು ಸರಿಸಿ," ಎಂದ ಲೈಲ್. "ಅಳೆದೇ ಬಿಡೋಣ. ಟೈಲ್ಸ್ ಒಂದೊಂದೂ ಒಂದು ಅಡಿ ಅಲ್ವಾ? ಹತ್ತು ಗಜಕ್ಕೆ ಮೂವತ್ತು ಟೈಲ್ಸ್."

"ಟೈಲ್ಸ್ ಹಾಕ್ದೋನೂ ಅವನೇ!" ಎಂದ ಡ್ವೇನ್. "ಅವನ ಸರಪಳೀನ ಅವನ ನೆಲದ ಮೇಲೆ ಅಳೀತೀಯಾ? ಒಳ್ಳೇ ನ್ಯಾಯ."

"ಹಾಗಾದ್ರೆ ನಿನ್ನ ಲಾರಿಯಿಂದ ಟೇಪ್ ತಗೊಂಡು ಬಾ."

ಡ್ವೇನ್ ಬಿರಬಿರನೆ ಹೋಗಿ ಟೇಪ್ ತಂದ. ಮಂಡಿಯೂರಿ ಗೋಡೆಯಿಂದ ಮೂವತ್ತು ಟೈಲ್ಸಿಗೆ ಟೇಪ್ ಎಳೆದ. ಮೂವತ್ತು ಅಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಂಬದೆ ಪಕ್ಕದ ಸಾಲಿನಲ್ಲಿ ಇನ್ನೊಮ್ಮೆ ಎಳೆದ. ಅಲ್ಲೂ ಮೂವತ್ತು. ಎದ್ದು ಮಂಡಿ ಒರೆಸಿಕೊಂಡ.

ಜನ ಕುರ್ಚಿಗಳನ್ನು ಗೋಡೆಗೆ ತಳ್ಳಿ ಜಾಗ ಬಿಟ್ಟರು. ಅಡುಗೆಮನೆಯ ಹೆಂಗಸರು ಸೌಟು ಹಿಡಿದೇ ಬಾಗಿಲಿಗೆ ಬಂದರು. ರೋಮನ್ ಹಿಂದಿನ ಕೋಲನ್ನು ಗೋಡೆಯ ಬುಡಕ್ಕೆ ಊರಿ ಅದಕ್ಕೆ ಬೂಟು ಅಡ್ಡ ಕೊಟ್ಟ. ಲೈಲ್ ಮುಂದಿನ ಕೋಲು ಹಿಡಿದು ಹಿಂದಕ್ಕೆ ಹೆಜ್ಜೆ ಹಾಕಿದ. ಸರಪಳಿ ನೆಲದಿಂದ ಎದ್ದು ನೇರವಾಯಿತು. ಅವನು ಕೋಲು ಊರಿದ.

ಮೂವತ್ತನೆಯ ಟೈಲ್ಸಿನ ಅಂಚಿಗೂ ಕೋಲಿಗೂ ನಡುವೆ ಜಾಗ ಉಳಿದಿತ್ತು. ಡ್ವೇನ್ ಬಗ್ಗಿ ಅಲ್ಲಿ ಬೆರಳಿಟ್ಟ. ಒಂದು, ಎರಡು, ಮೂರು, ನಾಲ್ಕು. ನಾಲ್ಕೂ ಬೆರಳು ಹಿಡಿಸಿದವು.

ಯಾರೂ ಗಟ್ಟಿಯಾಗಿ ಲೆಕ್ಕ ಹಾಕಲಿಲ್ಲ. ಹಾಕುವ ಅಗತ್ಯವೂ ಇರಲಿಲ್ಲ. ಸರಪಳಿ ಸರಿಯಿದ್ದಿದ್ದರೆ ಎರಡು ಬೆರಳು ದಾಟಿದ್ದ ಆಟ ಎರಡು ಬೆರಳು ತಪ್ಪುತ್ತಿತ್ತು, ಹೆಬ್ಬೆರಳಿನಷ್ಟು ತಪ್ಪಿದ ಆಟ ಇನ್ನೂ ನಾಲ್ಕು ಬೆರಳು ತಪ್ಪುತ್ತಿತ್ತು.

"ಅವರಿಗೆ ಗೊತ್ತಿತ್ತಾ?" ಎಂದ ಲೈಲ್, ಕೋಲು ಬಿಡದೆ.

"ನೀನು ಪತ್ರಿಕೇಲಿ ಹೇಳಿದ್ದು ಅವರ ಮನಸ್ಸಲ್ಲೇ ಇತ್ತು, ಹಳೇ ಕೋಲು ಸರಪಳಿ ಎಲ್ಲ ಕೇಳಿ ತಂದ ದಿನವೇ ಇಲ್ಲೇ ಹಾಸಿದ್ರು," ಎಂದಳು ಸ್ಟೆಫಾ. "ನಾನು ಹಿಂದಿನ ಕೋಲು ಹಿಡ್ಕೊಂಡಿದ್ದೆ. ನಿಮ್ಮ ತಪ್ಪಲ್ಲ ಅಂತ ಗೊತ್ತಾಯ್ತಲ್ಲ, ಹೋಗಿ ಹೇಳಿ ಅಂದೆ. ಜಗಳವಾಡಿದೆ. ಒಂದು ವಾರ ಅಡುಗೆ ಮಾಡ್ಲಿಲ್ಲ."

"ಏನಂದ್ರು?"

"ಹುಡುಗ್ರು ಐದು ಗೆದ್ದಿದ್ದಾರೆ ಸ್ಟೆಫಾ, ನಾನು ಹೋಗಿ ನಾಲ್ಕು ಮಾಡ್ಲಾ, ಅಂದ್ರು. ಸತ್ತ ಮೇಲೆ ಏನಾದ್ರೂ ಮಾಡ್ಕೋ, ಆದ್ರೆ ಆ ಹುಡುಗನಿಗೆ ಮೊದಲು ತೋರಿಸು, ಬೇರೆಯವರಿಂದ ಕೇಳಿಸ್ಕೊಳ್ಳೋದು ಬೇಡ ಅಂದ್ರು."

"ಸುಳ್ಳು," ಎಂದ ಲೈಲ್. ಮೆಲ್ಲಗೆ ಹೇಳಿದ, ಆಮೇಲೆ ಜೋರಾಗಿ. "ಸುಳ್ಳು. ಇದು ಸಡಿಲ ಇದೆ. ರೋಮನ್, ಕಾಲು ಗಟ್ಟಿಯಾಗಿ ಊರು."

"ಊರಿದ್ದೀನಿ."

ಲೈಲ್ ಎರಡೂ ಕೈಯಲ್ಲಿ ಕೋಲಿನ ಬುಡ ಹಿಡಿದು ಹಿಂದಕ್ಕೆ ವಾಲಿ ಜಗ್ಗಿದ. ಕೋಟಿನ ಹೊಲಿಗೆ ಬಿಟ್ಟಿತು. ಶವಪೆಟ್ಟಿಗೆ ಹೊತ್ತು ಕೆಂಪಾಗಿದ್ದ ಅಂಗೈ ಇನ್ನೂ ಕೆಂಪಾಯಿತು. ಸರಪಳಿ ಸಣ್ಣಗೆ ನಡುಗಿತು, ತಾಮ್ರದ ತಂತಿ ಹಿಡಿದೇ ಇತ್ತು.

"ಇನ್ನೊಂದು ಚೂರು," ಎಂದ. ಯಾರಿಗೆ ಹೇಳಿದನೋ. ಮತ್ತೆ ಜಗ್ಗಿದ.

ಅಡುಗೆಮನೆಯ ಹೆಂಗಸೊಬ್ಬಳು ಬಟ್ಟಲಲ್ಲಿ ಸೂಪು ಹಿಡಿದು ಅವನ ಪಕ್ಕದಲ್ಲಿ ಬಂದು ನಿಂತಳು. ಸೂಪಿನ ಹಬೆ ಏಳುತ್ತಿತ್ತು. ಲೈಲ್ ಹಲ್ಲು ಕಚ್ಚಿ ಜಗ್ಗುತ್ತಲೇ ಇದ್ದ. ಡ್ವೇನ್ ನೆಲದ ಮೇಲೆ ಇಟ್ಟಿದ್ದ ನಾಲ್ಕು ಬೆರಳನ್ನು ತೆಗೆಯುವುದನ್ನೇ ಮರೆತಿದ್ದ. ಕೋಲು ಆ ಬೆರಳುಗಳ ಈಚೆಗೇ ನಿಂತಿತ್ತು.