ಅವಸರದ ಸಂಗಪ್ಪ

"ಇನ್ನೊಂಚೂರು ಎತ್ತಿ ಹಿಡೀರಿ, ಗೋಣು ವಾಲಾಕ ಹತ್ತೇದ," ಎನ್ನುತ್ತ ಗದಿಗೆಪ್ಪ ತನ್ನ ಚಿಕ್ಕಪ್ಪನ ಮಗನ ಹೆಣವನ್ನು ಧೋತರದ ಸೀಳಿನಿಂದ ಗೋಡೆಯ ಗೂಟಕ್ಕೆ ಬಿಗಿದ. ಮೈ ಸೆಟೆಯುವ ಮೊದಲೇ ಕೂರಿಸಬೇಕು. ಲಿಂಗವಂತರು ಮಲಗಿಕೊಂಡು ಹೋಗುವವರಲ್ಲ. ಗಿರಣಿಗಳ ಪರಳದ ಆ ಚಾಳಿನ ಖೋಲಿಯಲ್ಲಿ ಸಂಗಪ್ಪ ಹಣೆತುಂಬ ವಿಭೂತಿ ಬಳಿದುಕೊಂಡು, ಯಾರದೋ ಮದುವೆಗೆ ಎಲ್ಲರಿಗಿಂತ ಮೊದಲು ಬಂದು ಕೂತವನ ಹಾಗೆ ಕೂತಿದ್ದ.

ಅವನ ರೂಢಿಯೇ ಅದು. ಗಿರಣಿಯ ಭೋಂಗಾ ಕೂಗುವ ಮೊದಲೇ ಗೇಟಿನಲ್ಲಿರುತ್ತಿದ್ದ. ಲೋಕಲ್ ರೈಲು ನಿಲ್ಲುವ ಮೊದಲೇ ಕಾಲು ಎತ್ತಿರುತ್ತಿದ್ದ. ಏಳು ತಿಂಗಳಿಗೇ ಹುಟ್ಟಿದವ. ಚಾಳಿಗೆಲ್ಲ ಅವನು ಅವಸರದ ಸಂಗಪ್ಪ. ಇವತ್ತು ಬೆಳಗ್ಗೆ, ಬಸಿಯಲ್ಲಿನ ಚಹಾ ಆರುವ ಮೊದಲೇ, ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ.

ಅವನ ತಾಯಿ ಅಂಬವ್ವ ಅಳುತ್ತಿರಲಿಲ್ಲ. ಸಂಗಪ್ಪನ ಮಗಳು ವಸಂತಿಯ ಕಡೆ ತಿರುಗಿ, "ಏಳವಾ, ಸೀರಿ ಬದಲ್ಸು. ದವಾಖಾನಿಗೆ ಹೊಂಡು," ಎಂದಳು.

ಭಜನೆಯವರ ತಾಳ ನಿಂತಿತು.

ವಸಂತಿಯ ಕೂಸೂ ದಿನ ತುಂಬದೆ ಹುಟ್ಟಿದ್ದು. ತಾಯಿಯನ್ನು ಮನೆಗೆ ಕಳಿಸಿ, ಕೂಸನ್ನು ಟ್ರಾಮ್ ರಸ್ತೆಯ ಹೆರಿಗೆ ಆಸ್ಪತ್ರೆಯಲ್ಲಿ ಗಾಜಿನ ಬೆಚ್ಚನೆಯ ಪೆಟ್ಟಿಗೆಯೊಳಗೆ ಇಟ್ಟುಕೊಂಡಿದ್ದರು. ಹಿಂಡಿ ಕೊಟ್ಟ ಹಾಲನ್ನು ದಿನಾ ಸಂಗಪ್ಪನೇ ಒಯ್ಯುತ್ತಿದ್ದ.

"ನಾಳಿ ಹೋದ್ರಾತು, ಚಿಗವ್ವ," ಎಂದ ಗದಿಗೆಪ್ಪ.

"ನಾಳಿಗೆ ಇಕಿ ಎದಿ ಬತ್ತಿರ್ತದ. ಮುಂಜಾನಿಂದ ಹನಿ ಕಡಿಮಿ ಆಗೇದ. ನಳಿಗಿಂದ ಹಾಕಿದ್ದು ಕೂಸಿಗೆ ದಕ್ಕವಲ್ದು. ಇವತ್ತ ತಾಯಿ ಎದಿ ಹಿಡೀಬೇಕು ಅಂದಾರ."

"ಅದು ಉಳಿಯೂ ಕೂಸಲ್ಲ ಬಿಡು. ಅದೂ ಅಲ್ದ, ಹೆಣದ ಮನಿಯಿಂದ ಎದ್ದು ಹೋಗಿ ಎದಿ ಕೊಡೂದಂದ್ರ... ಸೂತಕ ಅಂತ ಒಂದದ."

ಅಂಬವ್ವ ಎದ್ದು ನಿಂತಳು. ಸೊಂಟಕ್ಕೆ ಕೈಯಿಟ್ಟು, ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ, ಸಮಾಜದ ಸಭೆಯಲ್ಲಿ ಗದಿಗೆಪ್ಪ ಕೆಮ್ಮುವ ಹಾಗೆಯೇ ಒಮ್ಮೆ ಕೆಮ್ಮಿದಳು. "ಬಂಧುಗಳೇ, ಲಿಂಗ ಧರಿಸಿದವನಿಗೆ ಹುಟ್ಟಿನ ಸೂತಕವಿಲ್ಲ, ಸಾವಿನ ಸೂತಕವಿಲ್ಲ." ಆಮೇಲೆ ತನ್ನ ದನಿಗೆ ಇಳಿದಳು. "ಬಸವ ಜಯಂತಿಗೆ ಕೊಳ್ಳಾಗ ಹಾರ ಹಾಕ್ಕೊಂಡು ಹೇಳಿದ್ಯಲ್ಲೋ. ಹಾರ ಒಣಗಿತಂತ ಮಾತೂ ಒಣಗಿತೇನು?"

ಬಾಗಿಲ ಹೊರಗೆ ಯಾರೋ ನಗು ನುಂಗಿದರು. ಕೆಳಗಿನ ಉಡುಪಿ ಹೋಟೆಲಿನ ಶೇಖರ. "ಅಜ್ಜಿ ಹೇಳಿದ್ದು ಸಮಾ ಉಂಟು ಮಾರಾಯ್ರೆ," ಎಂದ.

"ನೀ ಹೋಗಿ ಇಡ್ಲಿ ನೋಡ್ಕೋ."

"ಇವತ್ತು ಹೋಟೆಲು ಬಂದ್, ಗದಿಗೆಪ್ಪಣ್ಣ. ಸಂಗಪ್ಪಣ್ಣ ಇಲ್ಲದೆ ಮೊದಲನೇ ಚಾ ಯಾರಿಗೆ ಕೊಡುದು?"

ವಸಂತಿ ಅಪ್ಪನ ಮುಖ ನೋಡುತ್ತ ನಿಂತಿದ್ದಳು. "ಎತ್ತೂ ಮುಂದ ನಾ ಕಡೀ ವಿಭೂತಿ ಹಚ್ಚಬ್ಯಾಡೇನಜ್ಜಿ? ನಾ ಬರೂದ್ರಾಗ ಒಯ್ದುಬಿಟ್ರ?"

"ಮಣ್ಣಿಗೆ ಹೋಗೂ ದಾರಿ ದವಾಖಾನಿ ಮುಂದನ ಅದ. ನೀ ಬಂದು ಹಚ್ಚೂತನಕ ನಿಮ್ಮಪ್ಪ ಆ ಗೇಟು ದಾಟೂದಿಲ್ಲ. ನಡಿ."

* * *

ವಿಜಾಪುರದ ಕಡೆಯ ಹಳ್ಳಿಯಲ್ಲಿ ಸಂಗಪ್ಪ ಹುಟ್ಟಿದಾಗ ಅಳಲು ದನಿ ಇರಲಿಲ್ಲ. ಸೂಲಗಿತ್ತಿ ಮುಖ ತಿರುಗಿಸಿದಳು. ಗಂಡ ಸಲಿಕೆ ತೆಗೆದುಕೊಂಡು ಹಿತ್ತಲಲ್ಲಿ ಕುಣಿ ತೋಡಿದ.

ಅಂಬವ್ವ ಕೂಸನ್ನು ಅರಳೆಯಲ್ಲಿ ಸುತ್ತಿ ಕುಪ್ಪಸದೊಳಗೆ ಇಳಿಸಿಕೊಂಡು, ಮೇಲೆ ಸೆರಗು ಬಿಗಿದಳು. ರೊಟ್ಟಿ ಬಡಿಯುವಾಗಲೂ ಅದು ಅಲ್ಲೇ. ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡಿದಳು. ಉಸಿರು ಮರೆತಾಗ ಅಂಗಾಲು ಚಿವುಟಿದಳು. ಗಂಡ ದಿನಾ ಹೊಸ್ತಿಲಲ್ಲಿ ನಿಂತು "ಹೋತೇನು?" ಎಂದು ಕೇಳುತ್ತಿದ್ದ, ಓಣಿಯ ಹೆಂಗಸರೂ ಕೇಳುತ್ತಿದ್ದರು. ಕೇಳಿಸಿಕೊಂಡು ಸಾಕಾಗಿ ಅವಳು ಒಂದು ಬೆಳಗ್ಗೆ ಆ ಕುಣಿಗೆ ಗೊಬ್ಬರ ತುಂಬಿ ಕುಂಬಳದ ಬೀಜ ಊರಿದಳು. ಬಳ್ಳಿ ಮಾಳಿಗೆ ಏರಿತು. "ಹೋತೇನು" ಎಂದವರ ಮನೆಗೆಲ್ಲ ಒಂದೊಂದು ಕಾಯಿ ಕಳಿಸಿದಳು.

* * *

ನಿನ್ನೆ ಸಂಜೆ ಸಂಗಪ್ಪ ಆಸ್ಪತ್ರೆಯಿಂದ ಬಂದವನೇ ಮೂಗಿನ ಮೇಲೆ ಇಲ್ಲದ ಕನ್ನಡಕ ಏರಿಸಿ ಸಿಸ್ಟರ್ ದನಿ ತೆಗೆದಿದ್ದ: "ಏ ಬಾಬಾ, ಕಾಚ್ ಕೋ ಹಾತ್ ನಹೀ ಲಗಾನಾ. ಕಲ್ ಬೇಟೀ ಕೋ ಲೇಕೆ ಆವ್."

ವಸಂತಿ ಹೆತ್ತ ಮೇಲೆ ಮೊದಲ ಸಲ ನಕ್ಕಿದ್ದಳು.

"ಗಾಜು ಮುಟ್ಟಬಾರ್ದಂತ. ನಾಳಿ ವಸಂತಿನ್ನ ಕರ್ಕೊಂಡು ಬಾ ಅಂದಾಳ, ಎದಿಗೆ ಹಚ್ಚತಾರಂತ," ಎಂದ, ತನ್ನ ದನಿಯಲ್ಲಿ. "ಖರೇ ಹೇಳ್ತೀನವ್ವ, ಅದು ನನ್ನಂಗನ ಅದ. ಆಗಾಗ ಉಸಿರಾಡೂದ ಮರೀತದ. ಸಿಸ್ಟರ್ ಕಾಲು ತಟ್ಟತಾಳ. ಹೌದಲ್ಲಾ ಅಂತ ಮತ್ತ ಸುರು ಮಾಡ್ತದ."

* * *

ಸಂಗಪ್ಪನನ್ನು ಕೂರಿಸಿ ನಾಲ್ವರು ಹೆಗಲ ಮೇಲೆ ಹೊತ್ತ ಹೂವಿನ ಕುರ್ಚಿ ಆಸ್ಪತ್ರೆಯ ಗೇಟಿಗೆ ಬಂದಾಗ ವಸಂತಿ ಹೊರಗೆ ಬಂದಿರಲಿಲ್ಲ.

"ನಿಲ್ಲಬ್ಯಾಡ್ರಿ, ನಡೀರಿ," ಎಂದ ಗದಿಗೆಪ್ಪ. "ಹೆರಿಗಿ ದವಾಖಾನಿ ಮುಂದ ಯಾರರ ಹೆಣಾ ನಿಲ್ಲಸ್ತಾರೇನು? ಒಳಗ ಬಸುರ್ಯಾರದಾರ."

"ಇವನ್ನ ಹುಟ್ಟಿದ ದಿನಾನ ಹೆಣಾ ಅಂದಿದ್ರಿ," ಎಂದಳು ಅಂಬವ್ವ. "ಮಗಳನ್ನ ಮದಿವಿ ಮಾಡಿ, ಮೊಮ್ಮಗನ್ನ ನೋಡಿ ಬಂದ ಹೆಣಾ ಇದು. ನೋಡ್ಲಿ ಬಸುರ್ಯಾರು. ಧೈರ್ಯಾ ಬರ್ತದ."

ಹೇಳಿದವಳೇ ಸೀರೆ ಮಡಚಿಕೊಂಡು ಟ್ರಾಮಿನ ಹಳಿಯ ಮೇಲೆ ಕೂತುಬಿಟ್ಟಳು.

ದಾದರಿನ ಟ್ರಾಮು ಬಂತು. ಡ್ರೈವರನ ಕಾಲಡಿಯ ಗಂಟೆ ಬಡಿಯಿತು. ಅವನು ಬಗ್ಗಿ, ಏಳುವಂತೆ ಕೈಮಾಡಿ, "ಆಜೀ, ಉಠಾ ಕೀ," ಎಂದ.

"ಥಾಂಬ್ ರೇ ಬಾಬಾ, ತಡಿ ಒಂಚೂರು. ಒಳಗ ಕೂಸು ಹಾಲು ಕುಡಿಯಾಕ ಹತ್ತೇದ."

ಅವನಿಗೆ ಎಷ್ಟು ತಿಳಿಯಿತೋ. ಕುರ್ಚಿಯನ್ನು ನೋಡಿದ, ಗೇಟನ್ನು ನೋಡಿದ, ಗಂಟೆಯ ಮೇಲಿನ ಕಾಲು ತೆಗೆದ.

"ಚಿಗವ್ವ, ಹೆಗಲು ಸೋತಾವ," ಎಂದ ಗದಿಗೆಪ್ಪ.

"ಇಳಿಸಬ್ಯಾಡ್ರಿ. ಜೀವಮಾನಾ ಎಲ್ಲಾ ಗಿಡ್ಡ ಅನ್ನಿಸ್ಕೊಂಡಾನ. ಒಂದೀಟು ಎತ್ತರದಾಗ ಕೂಡ್ಲಿ."

ಹಿಂದೆ ಇನ್ನೊಂದು ಟ್ರಾಮು ಬಂದು ನಿಂತಿತು. ಶೇಖರ ಹೆಗಲು ಬದಲಾಯಿಸಿಕೊಂಡ.

ವಸಂತಿ ಗೇಟಿನಿಂದ ಓಡುತ್ತ ಬಂದಳು. ಜಂಪರು ಒಂದು ಬದಿ ಒದ್ದೆಯಾಗಿತ್ತು.

"ಹಿಡೀತೇನು?" ಅಂಬವ್ವ ಕೂತಲ್ಲಿಂದಲೇ ಕೇಳಿದಳು.

"ಮೊದ್ಲು ಬಾಯಿ ತಿರುಗಿಸ್ತು. ಆಮ್ಯಾಲ ಹಿಡದು ಜಗ್ಗಿತು, ಅಜ್ಜಿ. ದಣೀತದ, ಸಾಕಂತ ಸಿಸ್ಟರ್ ಬಿಡಿಸಿದ್ಲು. ಅತ್ತಿತು."

"ದನಿ ಬಂತೇನು?"

"ಬಂತು. ಬಾಜೂ ಪೆಟ್ಟಿಗಿ ಕೂಸೂ ಎದ್ದಿತು."

ಕುರ್ಚಿ ಎತ್ತರದಲ್ಲಿತ್ತು, ವಸಂತಿಯ ಕೈ ಎಟುಕಲಿಲ್ಲ. ಗದಿಗೆಪ್ಪ ಟಾರು ರಸ್ತೆಯ ಮೇಲೆ ಮೊಣಕಾಲೂರಿದ. ಉಳಿದ ಮೂವರೂ ಬಗ್ಗಿದರು. ಅವಳು ಅಪ್ಪನ ಹಣೆಗೆ ವಿಭೂತಿ ಎಳೆದಳು.

ಅಂಬವ್ವ ಎದ್ದು ಸೀರೆಯ ಧೂಳು ಕೊಡವಿ, ಭಜನೆಯವರಿಗೆ "ಹೂಂ, ಬಾರಸ್ರಿ" ಎಂದಳು.

ರಸ್ತೆ ಇಕ್ಕಟ್ಟು, ಟ್ರಾಮಿಗೆ ದಾಟಿ ಹೋಗಲು ದಾರಿಯಿರಲಿಲ್ಲ. ಅದು ಹೆಜ್ಜೆಹೆಜ್ಜೆಗೆ ಹಿಂದೆ ಬಂತು, ಅದರ ಹಿಂದೆ ಇನ್ನೊಂದು. ಫುಟ್‌ಬೋರ್ಡಿನ ಮೇಲೆ ಜೋತುಬಿದ್ದವರೆಲ್ಲ ಕತ್ತು ಚಾಚಿದರು. ಡ್ರೈವರ್ ಕಾಲು ಮತ್ತೆ ಗಂಟೆಯ ಮೇಲೆ ಹೋಗಿ, ಅವನಿಗೇ ಅರಿವಿಲ್ಲದೆ ತಾಳಕ್ಕೆ ಕೂಡಿಕೊಂಡಿತು.